ಮೀನಿನ ಡಾಕ್ಟ್ರಮ್ಮ

ಆಷಾಢದಲ್ಲಿ ಊರಿಗೆ ಬಂದರೆ ಮದುವೆ ಮಾತನ್ನು ಯಾರೂ ಎತ್ತುವುದಿಲ್ಲ ಎಂಬುದು ನಮ್ಮ ಅಕ್ಕನ ಮಗಳ ಲೆಕ್ಕಾಚಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಹೃದಯದ ಮೇಲೆ ಸಂಶೋಧನೆ ಮಾಡುವವಳು. ಪಿಎಚ್.ಡಿ. ಮುಗಿದಿದೆ, ಕೆಲಸ ಕಾಯಂ ಆಗಿಲ್ಲ. ಫೆಲೋಶಿಪ್ ಹಣ ಬಂದ ತಿಂಗಳು ಬಂತು, ಬಾರದ ತಿಂಗಳು ಅಕ್ಕ ಕಳಿಸುತ್ತಾಳೆ. ಇಂಥವರಿಗೆ ಆಷಾಢದಷ್ಟು ಕ್ಷೇಮವಾದ ಮಾಸ ಇನ್ನೊಂದಿಲ್ಲ.

ಆದರೆ ಅವಳು ಬಂದದ್ದು 2025ರ ಆಷಾಢದಲ್ಲಿ. ಹಾಸನ ಜಿಲ್ಲೆಯಲ್ಲಿ ಯಾರೋ ಹಠಾತ್ತನೆ ತೀರಿಕೊಂಡರು ಎಂಬ ಸುದ್ದಿ ದಿನಾ ಬೆಳಗಾದರೆ ಟೀವಿಯಲ್ಲಿ. ಸತ್ತವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು, ಭಯ ಸುಳ್ಳಲ್ಲ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನವೋ ಜನ. ಹಳೇಬೀಡಿನಲ್ಲಿ ಜೋಳದ ಹೊಲಕ್ಕೆ ಗೊಬ್ಬರ ಹಾಕುವವನೂ ನಡುವೆ ನಿಂತು ಒಮ್ಮೆ ಎಡಗಡೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಂಥ ಹೊತ್ತಿನಲ್ಲಿ ಹೃದಯದ ವಿಜ್ಞಾನಿಯೊಬ್ಬಳು ಬ್ಯಾಗು ಹಿಡಿದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಏನಾಗಬೇಕೋ ಅದೇ ಆಯಿತು. ಅವಳು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ನಾಲ್ಕು ಜನ, ನಾಲ್ವರ ಕೈಯಲ್ಲೂ ಸುರುಳಿ ಸುತ್ತಿದ ಇಸಿಜಿ ಕಾಗದ.

“ನಾನು ರೋಗಿಗಳನ್ನ ನೋಡೋ ಡಾಕ್ಟರ್ ಅಲ್ಲ” ಎಂದಳು.

“ಮತ್ತೆ ಯಾರನ್ನ ನೋಡ್ತೀಯವ್ವ?”

“ಮೀನುಗಳನ್ನ.”

ಜಗಲಿ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ಒಬ್ಬರು ಬಹಳ ಸಹಾನುಭೂತಿಯಿಂದ, “ಹೋಗ್ಲಿ ಬಿಡು, ಮುಂದೆ ಒಳ್ಳೇ ಕೆಲಸ ಸಿಕ್ಕೇ ಸಿಗುತ್ತೆ” ಎಂದರು.

ಅವಳು ನೋಡುವ ಮೀನಿಗೆ ಜೀಬ್ರಾ ಮೀನು ಎಂದು ಹೆಸರು. ಬೆರಳಿಗಿಂತ ಚಿಕ್ಕದು, ಮೈಮೇಲೆ ನೀಲಿ ಪಟ್ಟೆ. ಮೊಟ್ಟೆ ಫಲಿತವಾಗಿ ಒಂದು ದಿನವಾಗುವಷ್ಟರಲ್ಲಿ ಎದೆ ಬಡಿಯಲು ಶುರು. ಮರಿಯ ಮೈ ಗಾಜಿನಷ್ಟು ತಿಳಿಯಾದ್ದರಿಂದ ಬಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕೂತು ಎಣಿಸಬಹುದು. ನಮ್ಮ ಹುಡುಗಿ ದಿನವೆಲ್ಲ ಎಣಿಸುತ್ತಾಳೆ. ಮನುಷ್ಯನ ಹೃದಯಕ್ಕೆ ನಾಲ್ಕು ಕೋಣೆ, ಇದರದ್ದು ಎರಡಂಕಣದ ಮನೆ. ಆದರೆ ನಮ್ಮ ನಾಲ್ಕು ಕೋಣೆಗಿಲ್ಲದ ಒಂದು ಗುಣ ಅದಕ್ಕಿದೆ. ಹೃದಯದ ಕೆಳಕೋಣೆಯಲ್ಲಿ ಐದರಲ್ಲೊಂದು ಪಾಲು ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಇದನ್ನು ಅಮೆರಿಕದ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಮನುಷ್ಯನಿಗೆ ಹಾರ್ಟ್ ಅಟ್ಯಾಕ್ ಆದರೆ ಸತ್ತ ಮಾಂಸದ ಜಾಗದಲ್ಲಿ ಕಲೆ ಉಳಿಯುತ್ತದೆ, ಮಾಂಸ ಹುಟ್ಟುವುದಿಲ್ಲ. ಮೀನಿಗೆ ಬರುವ ವಿದ್ಯೆ ನಮಗೇಕೆ ಬರುವುದಿಲ್ಲ ಎಂಬುದೇ ಇವರೆಲ್ಲರ ತಲೆನೋವು.

“ಈ ಮೀನು ಫಾರಿನ್ನದಾ?” ಎಂದು ಕೇಳಿದೆ. ಅಲ್ಲವಂತೆ. ನಮ್ಮ ದೇಶದ ಹಳ್ಳ, ಗದ್ದೆ ಬಯಲಿನದೇ. 1822ರಲ್ಲಿ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ವೈದ್ಯ ಗಂಗೆಯ ಮೀನುಗಳ ಪುಸ್ತಕದಲ್ಲಿ ಅದನ್ನು ದಾಖಲು ಮಾಡಿದ. ನೂರೈವತ್ತು ವರ್ಷ ಅದರ ಕಡೆ ಹೆಚ್ಚಿನ ವಿಜ್ಞಾನಿಗಳು ತಿರುಗಿ ನೋಡಲಿಲ್ಲ. ಆಮೇಲೆ ಆರೆಗನ್‌ನಲ್ಲಿ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಸಾಕಿ ಪ್ರಯೋಗ ಮಾಡಿ ಪ್ರಸಿದ್ಧಿಗೆ ತಂದ. ಈಗ ನಮ್ಮಲ್ಲೂ ಅದಕ್ಕೆ ಏರ್‌ಕಂಡೀಷನ್ ಕೋಣೆ, ಹೊತ್ತುಹೊತ್ತಿಗೆ ಊಟ. ಅಮೆರಿಕಕ್ಕೆ ಹೋಗಿ ಬರದೆ ಈ ದೇಶದಲ್ಲಿ ಮೀನಿಗೂ ಮರ್ಯಾದೆಯಿಲ್ಲ.

ಜಗಲಿಯ ಕಾಟ ತಡೆಯಲಾರದೆ ಸಂಜೆ ಇಬ್ಬರೂ ದೇವಸ್ಥಾನಕ್ಕೆ ಹೊರಟೆವು. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಹೊಯ್ಸಳೇಶ್ವರನಿಗೆ ಊರಿನವರೂ ಸ್ವಲ್ಪ ಬೆಲೆ ಕೊಡುತ್ತಿದ್ದೇವೆ. ಹೊರಗೋಡೆಯ ಉಗ್ರನರಸಿಂಹನ ಮುಂದೆ ಅವಳು ತುಂಬ ಹೊತ್ತು ನಿಂತಳು. ಹಿರಣ್ಯಕಶಿಪುವಿನ ಹೊಟ್ಟೆ ಬಗೆದು ಕರುಳು ಎಳೆದಿರುವ ಶಿಲ್ಪ. ಭಕ್ತಿ ಬಂತೇನೋ ಎಂದು ನಾನು ಸುಮ್ಮನಿದ್ದೆ. “ಕರುಳನ್ನ ಎಷ್ಟು ಚೆನ್ನಾಗಿ ಬಿಡಿಸಿದಾನೆ ಮಾಮ, ಹೃದಯಕ್ಕೆ ಮಾತ್ರ ಕೈ ಹಾಕಿಲ್ಲ” ಎಂದಳು. ಒಂಬೈನೂರು ವರ್ಷದ ಹಿಂದಿನ ಶಿಲ್ಪಿಯ ಮೇಲೂ ಅವಳ ಇಲಾಖೆಯ ದೂರು. ಪಕ್ಕದಲ್ಲಿದ್ದ ಪರಿಚಯದ ಗೈಡು, ಪ್ರವಾಸಿಗರನ್ನು ಅಲ್ಲೇ ಬಿಟ್ಟು ಬಂದು, “ನಂಗೆ ಮೆಟ್ಟಿಲು ಹತ್ತಿದರೆ ಏದುಸಿರು, ಏನಿರಬಹುದು?” ಎಂದ.

ವಾಪಸು ಬರುವಾಗ ಟೀ ಅಂಗಡಿಯಲ್ಲಿ ಸಿಕ್ಕಿಬಿದ್ದೆವು. ಪಾಪ, ಅವಳು ಗೊತ್ತಿರುವುದನ್ನು ಹೇಳೋಣ ಎಂದು ಹೊರಟಳು. ಹೃದಯದ ಸ್ನಾಯುವಿನ ಒಂದು ಪ್ರೋಟೀನಿನ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವ ದೋಷವೊಂದಿದೆ, ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ ಇದೆ, ಅಂಥವರಿಗೆ ಹೃದಯ ದುರ್ಬಲವಾಗುವ ಸಂಭವ ಹೆಚ್ಚು ಎಂದು 2009ರಲ್ಲಿ ಪ್ರಕಟವಾಯಿತು, ಇತ್ಯಾದಿ. ನೂರಕ್ಕೆ ನಾಲ್ಕು ಎಂದದ್ದೇ ತಡ, ಎಲ್ಲರೂ ತಲೆ ಎಣಿಸತೊಡಗಿದರು. ಅಂಗಡಿಯವನೂ ಸೇರಿ ಎಂಟು ಜನ. “ಎಂಟಕ್ಕೆ ಎಷ್ಟಾಯ್ತು?” ಕಾಯಿ ವ್ಯಾಪಾರಿಯೊಬ್ಬರು ಅರಸೀಕೆರೆ ಮಂಡಿಯಲ್ಲಿ ಪಳಗಿದ ವೇಗದಲ್ಲಿ, “ಒಬ್ಬನಲ್ಲಿ ಮೂರನೇ ಒಂದು ಭಾಗ” ಎಂದರು. ಎಲ್ಲರೂ ಒಟ್ಟಿಗೆ ತಿರುಗಿ, ಸಿಗರೇಟು ಸೇದುತ್ತಿದ್ದ ಒಬ್ಬನನ್ನು ನೋಡಿದರು. ಅವನು ಆರಿಸಿದ. ನನ್ನ ಮಟ್ಟಿಗೆ ಆ ಭೇಟಿಯಲ್ಲಿ ವಿಜ್ಞಾನ ಸಾಧಿಸಿದ್ದು ಅಷ್ಟೇ.

ನಿಜವಾದ ಅನಾಹುತ ನೀರಿನಿಂದ ಆಯಿತು. ಅವಳ ಪ್ರಬಂಧದ ವಿಷಯ ಹೃದಯ ಮತ್ತು ಕ್ಯಾಲ್ಸಿಯಂ. ಮರುದಿನ ಜಗಲಿಯಲ್ಲಿ ಸಿಡ್ನಿ ರಿಂಗರನ ಕಥೆ ಹೇಳಿದಳು. 1880ರ ದಶಕದ ಲಂಡನ್. ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರು ಹಾಯಿಸಿದರೆ ಎಷ್ಟೋ ಹೊತ್ತು ಬಡಿಯುತ್ತಿತ್ತು. ಒಂದು ದಿನ ನೋಡಿದರೆ ಬಡಿಯಲೊಲ್ಲದು. ವಿಚಾರಿಸಿದಾಗ ಗೊತ್ತಾಯಿತು: ಹಿಂದೆಲ್ಲ ಸಹಾಯಕ ಭಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರಿನಲ್ಲಿ ಉಪ್ಪು ಕಲಸುತ್ತಿದ್ದ. ಲಂಡನ್ನಿನ ಗಡಸು ನೀರಿನಲ್ಲಿದ್ದ ಸುಣ್ಣದಂಶವೇ, ಅಂದರೆ ಕ್ಯಾಲ್ಸಿಯಮ್ಮೇ, ಹೃದಯವನ್ನು ನಡೆಸಿತ್ತು. ಆಸ್ಪತ್ರೆಯಲ್ಲಿ ಏರಿಸುವ ಆರ್‌ಎಲ್ ಡ್ರಿಪ್ಪಿನ ‘ಆರ್’ ಇದೇ ರಿಂಗರ್.

ಎಲ್ಲರೂ ತಲೆದೂಗಿದರು. ನಮ್ಮ ಅವ್ವ ಮಾತ್ರ ಒಳಗಿಂದ, “ಅಲ್ಲಿಗೆ, ಬೋರ್ ನೀರೇ ಒಳ್ಳೇದು ಅಂತಾಯ್ತು” ಎಂದಳು. ತಾಮ್ರದ ಹಂಡೆಗೆ ಬಿಳಿ ಕರೆ ಕಟ್ಟುವ ನಮ್ಮ ಬೋರ್‌ವೆಲ್ ನೀರನ್ನು ಬಿಟ್ಟು ಮನೆಯವರೆಲ್ಲ ಫಿಲ್ಟರ್ ನೀರಿಗೆ ಹೋದ ದಿನದಿಂದ ಅವಳಿಗೆ ಸಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಸ್‌ಸ್ಟ್ಯಾಂಡು ಮುಟ್ಟಿತು: ಫಿಲ್ಟರ್ ನೀರು ಕುಡಿದರೆ ಹಾರ್ಟು ನಿಲ್ಲುತ್ತದೆ. ಸಂಜೆಗೆ ಬೇಲೂರಿನಿಂದ ಫೋನು ಬಂತು. ಅಷ್ಟರಲ್ಲಿ ಅದನ್ನು ಲಂಡನ್ನಿನಲ್ಲಿ ಕಪ್ಪೆ ಕುಡಿದು ಸತ್ತಿತ್ತು. ರಕ್ತದ ಕ್ಯಾಲ್ಸಿಯಮ್ಮನ್ನು ಮೈ ತಾನೇ ಹತೋಟಿಯಲ್ಲಿಡುತ್ತದೆ, ಸಾಲದೆ ಬಂದರೆ ಮೂಳೆಯಿಂದ ತೆಗೆಯುತ್ತದೆ, ಕುಡಿಯುವ ನೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವಳು ಮನೆಮನೆಗೆ ಹೋಗಿ ಹೇಳಬೇಕಾಯಿತು. ಕೇಳಿದವರೆಲ್ಲ “ಹೌದಾ” ಎಂದು ಕಾಫಿ ಕೊಟ್ಟರು. ಬೋರ್ ನೀರಿನ ಕಾಫಿ.

ಆಮೇಲೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಬೀಡಿ, ಸಕ್ಕರೆ ಕಾಯಿಲೆ, ಬಿ.ಪಿ. ಎಂಬ ಹಳೆಯ ಆರೋಪಿಗಳ ಹೆಸರೇ ಮತ್ತೆ ಬಂದವು. ಊರಿಗೆ ಇದರಿಂದ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಯಿತು. ಬೀಡಿ ಬಿಡುವುದಕ್ಕಿಂತ ನೀರು ಬದಲಾಯಿಸುವುದು ಸುಲಭ.

ಈ ಗಲಾಟೆಯಲ್ಲಿ ಸೊರಗಿದ್ದು ಶುದ್ಧ ಕುಡಿಯುವ ನೀರಿನ ಘಟಕ. ಗಿರಾಕಿಗಳಿಲ್ಲದೆ ಕಂಗಾಲಾದ ಅಲ್ಲಿಯ ಹುಡುಗ, ಅವಳು ಹೊರಡುವ ಹಿಂದಿನ ದಿನ ಒಂದು ಬೋರ್ಡು ಬರೆಸಿ ನಿಲ್ಲಿಸಿದ: ‘ಹೃದಯಕ್ಕೆ ಉತ್ತಮವಾದ ಶುದ್ಧ ನೀರು. ಹೃದಯ ತಜ್ಞೆಯಿಂದ ಅನುಮೋದಿತ. 20 ಲೀಟರಿಗೆ 5 ರೂ.’ ಅವಳ ಪ್ರಬಂಧಗಳನ್ನು ಜಗತ್ತಿನಲ್ಲಿ ಓದಿದವರಿಗಿಂತ ಹೆಚ್ಚು ಜನ ಅರ್ಧ ದಿನದಲ್ಲಿ ಅದನ್ನು ಓದಿದರು. ಇವಳು ಓಡಿದಳು, ಹಿಂದೆ ನಾನು.

ಒದ್ದೆ ಬಟ್ಟೆ ತೆಗೆದುಕೊಂಡು ಮೊದಲು ‘ಹೃದಯ ತಜ್ಞೆ’ಯ ಸಾಲು ಒರೆಸಿದಳು. “ಉತ್ತಮ ಅಂದ್ರೆ ಯಾವುದಕ್ಕಿಂತ?” ಹುಡುಗ ತಲೆ ಕೆರೆದ. ಅದೂ ಹೋಯಿತು. ‘ಹೃದಯಕ್ಕೆ’ ಎಂಬುದಕ್ಕೆ ಪುರಾವೆ ಇಲ್ಲ, ಹೋಯಿತು. “ಫಿಲ್ಟರ್ ಬದಲಾಯಿಸಿದ್ದು ಯಾವಾಗ?” ಹುಡುಗ ಆಕಾಶ ನೋಡಿದ. ‘ಶುದ್ಧ’ ಹೋಯಿತು. ಕೊನೆಗೆ ಬೋರ್ಡಿನಲ್ಲಿ ಉಳಿದದ್ದು: ‘ನೀರು. 20 ಲೀಟರಿಗೆ 5 ರೂ.’

ಹುಡುಗ ಅಳುವುದೊಂದು ಬಾಕಿ. “ಇದಾದ್ರೂ ಇರ್ಲಾ ಅಕ್ಕ?” ಎಂದ.

ಅವಳು ಬೋರ್ಡನ್ನೂ ಕ್ಯಾನನ್ನೂ ಒಮ್ಮೆ ನೋಡಿ, “ಇಪ್ಪತ್ತು ಲೀಟರ್ ಅಂತ ಅಳೆದು ನೋಡಿದೀರಾ?” ಎಂದಳು. ನಾನು ಅವಳ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದೆ.