ಕನ್ಸಲ್ಟೆಂಟರ ಜೂನಿಯರ್ ಡ್ಯೂಟಿ

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡದ ಡಾಕ್ಟರುಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಕಾಫಿ ಲೋಟ ಖಾಲಿಯಾಗುವುದರೊಳಗೆ ಒಂದು ದೂರು ಹೊರಬೀಳುತ್ತದೆ. ಆಸ್ಪತ್ರೆ ನಮ್ಮ ಸಂಸಾರವನ್ನೇ ನುಂಗಿಹಾಕಿತು, ಹೆಂಡತಿ ಮಕ್ಕಳನ್ನು ಕರಕೊಂಡು ನಾಲ್ಕು ದಿನ ಎಲ್ಲಾದರೂ ಹಾಯಾಗಿ ಇದ್ದು ಬರೋಣವೆಂದರೆ ಪುರಸೊತ್ತಿಲ್ಲ ಎಂಬುದು ಆ ದೂರು. ಪುರಸೊತ್ತಿನ ಮಾತನ್ನು ನಾನು ಒಪ್ಪುತ್ತೇನೆ. ತಕರಾರು ಇರುವುದು ಆ ‘ಹಾಯಾಗಿ’ ಎಂಬುದರ ಮೇಲೆ. ಈ ಡಾಕ್ಟರುಗಳ ಸಂಸಾರದಲ್ಲಿ ಪ್ರವಾಸವೆಂಬುದು ಆಸ್ಪತ್ರೆಯದೇ ಇನ್ನೊಂದು ವಿಭಾಗ. ಪಾಳಿ ಹಂಚುವ ರೋಟಾ, ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವ ಟ್ರಯಾಜ್, ಮುಂದಿನ ಪಾಳಿಯವರಿಗೆ ಒಪ್ಪಿಸುವ ಹ್ಯಾಂಡೋವರ್ ಎಲ್ಲವೂ ಅಲ್ಲಿ ಉಂಟು. ಬದಲಾಗುವುದು ಡಾಕ್ಟರ ದರ್ಜೆ ಮಾತ್ರ. ಇಂಗ್ಲೆಂಡಿನಲ್ಲಿ ಆಗಸ್ಟಿನ ಮೊದಲ ಬುಧವಾರ ಜೂನಿಯರ್ ಡಾಕ್ಟರುಗಳು ಒಟ್ಟೊಟ್ಟಿಗೆ ಕೆಲಸ ಬದಲಾಯಿಸುತ್ತಾರೆ. ಹೊಸ ಆಸ್ಪತ್ರೆಯಲ್ಲಿ ಕಕ್ಕಸು ಎಲ್ಲಿದೆಯೆಂದು ಗೊತ್ತಾಗುವ ಮೊದಲೇ ಬ್ಲೀಪ್ ಎಂಬ ಪೇಜರ್ ಬಡಿದುಕೊಳ್ಳುತ್ತದೆ, ಓಡಬೇಕು. ಶುಕ್ರವಾರ ಸಂಜೆಯವರೆಗೆ ಹಿಂದೆ ಆರು ಜನರನ್ನು ಇಟ್ಟುಕೊಂಡು ವಾರ್ಡ್ ರೌಂಡ್ ಮಾಡಿದ ಕನ್ಸಲ್ಟೆಂಟರು ಶನಿವಾರ ಬೆಳಿಗ್ಗೆ ಕಾರಿನ ಡಿಕ್ಕಿ ತೆಗೆಯುವ ಹೊತ್ತಿಗೆ ಥೇಟ್ ಆ ಬುಧವಾರದ ಜೂನಿಯರ್.

ಪ್ರವಾಸ ಯಾಕೆ ಇಷ್ಟು ದೊಡ್ಡ ವ್ಯವಹಾರವಾಯಿತು ಎಂಬುದಕ್ಕೆ ಇತಿಹಾಸವನ್ನೂ ಸ್ವಲ್ಪ ದೂರಬೇಕು. 1948ರ ಜುಲೈ 5ರಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹುಟ್ಟಿತು; ಡಾಕ್ಟರುಗಳ ಬರವೂ ಅದರ ಜೊತೆಗೇ ಬೆಳೆಯಿತು. 1924ರ ಮೈಸೂರು ಮೆಡಿಕಲ್ ಕಾಲೇಜು, 1953ರ ಮಣಿಪಾಲ, 1957ರ ಹುಬ್ಬಳ್ಳಿ ಇವುಗಳಿಂದ ಹೊರಬಿದ್ದ ಎಷ್ಟೋ ಜನ ವಿಮಾನ ಹತ್ತಿದರು. 1975ರವರೆಗೆ ಭಾರತದ ಡಿಗ್ರಿಗೆ ಇಲ್ಲಿ ನೇರ ಮಾನ್ಯತೆಯಿತ್ತು, ಆಮೇಲೆ ಪರೀಕ್ಷೆ ಬಂತು, ಈಗಿನದಕ್ಕೆ ಪ್ಲ್ಯಾಬ್ ಎಂದು ಹೆಸರು. ಆದರೆ ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಸರ್ಜರಿ, ಕಾರ್ಡಿಯಾಲಜಿಯ ಕುರ್ಚಿಗಳು ನಮ್ಮವರಿಗೆ ಸುಲಭಕ್ಕೆ ಸಿಗಲಿಲ್ಲ. ಸಿಕ್ಕಿದ್ದು ಇಲ್ಲಿಯವರು ಬೇಡವೆಂದು ಬಿಟ್ಟದ್ದು: ಮುದುಕರ ವಾರ್ಡು, ಮಾನಸಿಕ ರೋಗಿಗಳ ವಾರ್ಡು, ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಲ್ಲಿ ಜಿಪಿ ಕೆಲಸ. ಹಾಗಾಗಿ ಸಾಫ್ಟ್‌ವೇರಿನವರು ಸ್ಲೌ, ರೆಡಿಂಗ್ ಕಡೆ ಒತ್ತೊತ್ತಾಗಿ ಮನೆ ಹಿಡಿದರೆ ಡಾಕ್ಟರುಗಳು ವಿಗನ್, ರಾದರಂ, ಮರ್ಥರ್ ಟಿಡ್‌ಫಿಲ್ ಎಂದು ದಿಕ್ಕಾಪಾಲಾದರು. ಕನ್ನಡದಲ್ಲಿ ನಾಲ್ಕು ಮಾತಾಡಬೇಕೆಂದರೂ ಕಾರು ತೆಗೆಯಬೇಕು. 1983ರಲ್ಲಿ ಶುರುವಾದ ಕನ್ನಡ ಬಳಗದ ಯುಗಾದಿ, ದೀಪಾವಳಿ ಒಂದೊಂದು ಸಲ ಒಂದೊಂದು ಊರಿನಲ್ಲಿ. ಊರಲ್ಲಾಗಿದ್ದರೆ ಪಕ್ಕದ ಬೀದಿಯ ಮದುವೆ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಬರುತ್ತಿದ್ದ ಸಂಸಾರ, ಇಲ್ಲಿ ಒಬ್ಬಟ್ಟು ತಿನ್ನಲು ಮೋಟರ್‌ವೇ ಹತ್ತುತ್ತದೆ.

ಪುರಸೊತ್ತಿಲ್ಲವೆಂಬ ಮಾತನ್ನು ಕಾನೂನು ಬಲ್ಲವರು ಇಲ್ಲಿ ತಡೆಯುತ್ತಾರೆ. ವಾರಕ್ಕೆ 48 ಗಂಟೆ ಮೀರಿ ದುಡಿಸಬಾರದೆಂದು 1998ರ ನಿಯಮವಿದೆ, 2009ರಿಂದ ಜೂನಿಯರುಗಳಿಗೂ ಅದು ಪೂರ್ತಿ ಅನ್ವಯ, ಮತ್ತೆ ಗೋಳೇನು? ಗೋಳು ‘ಸರಾಸರಿ’ಯದು. 48 ಎಂಬುದು ಸರಾಸರಿ ಲೆಕ್ಕ. ಒಂದು ವಾರ 70 ಗಂಟೆ ದುಡಿದು ಇನ್ನೊಂದು ವಾರ 26 ಗಂಟೆ ದುಡಿದರೂ ಕಾಗದದ ಮೇಲೆ ಎಲ್ಲ ಸರಿಯೇ. ಆ 26 ಗಂಟೆಯ ವಾರದಲ್ಲಿ ಮಕ್ಕಳು ಮಾತ್ರ ಶಾಲೆಯಲ್ಲಿರುತ್ತಾರೆ. ಶಾಲೆ ತಪ್ಪಿಸೋಣವೆಂದರೆ 2024ರ ಆಗಸ್ಟಿನಿಂದ ಇಂಗ್ಲೆಂಡಿನಲ್ಲಿ ಐದು ದಿನದ ಚಕ್ಕರ್‌ಗೆ ತಲಾ 80 ಪೌಂಡ್ ದಂಡ. ತಲಾ ಅಂದರೆ ಒಂದು ಮಗುವಿಗೆ ಒಬ್ಬ ಪೋಷಕರಂತೆ. ಇಬ್ಬರು ಮಕ್ಕಳು, ಅಪ್ಪ, ಅಮ್ಮ, ಒಟ್ಟು 320. ಬೆಂಗಳೂರಿನ ಟಿಕೆಟ್ಟಿಗೆ ಶಾಲೆಯ ರಜೆಯಲ್ಲಿ ಏರುವ ಬೆಲೆಯ ಮುಂದೆ ಇದು ಅಗ್ಗ ಎಂದು ಗುಣಾಕಾರ ಮಾಡಿ ತೋರಿಸುವ ಡಾಕ್ಟರುಗಳಿದ್ದಾರೆ. ಹೆಡ್‌ಮಾಸ್ಟರರ ಮುಂದೆ ಆ ಗುಣಾಕಾರ ಮಾಡುವ ಎದೆಗಾರಿಕೆ ಯಾರಿಗೂ ಇಲ್ಲ. ಕಡೆಗೆ ಉಳಿಯುವುದು ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗಿನ ಆರು ವಾರ. ಅದರ ಮೇಲೆ ವಿಭಾಗದ ಅರ್ಧ ಜನರ ಕಣ್ಣು. ರಜಾ ಅರ್ಜಿ ಸಾಮಾನ್ಯವಾಗಿ ಆರು ವಾರ ಮೊದಲೇ ಬೀಳಬೇಕು, ಬುದ್ಧಿವಂತರು ಜನವರಿಯಲ್ಲೇ ಹಾಕಿಟ್ಟಿರುತ್ತಾರೆ. ತಡ ಮಾಡಿದವರಿಗೆ ಮಕ್ಕಳಿಲ್ಲದ ಸಹೋದ್ಯೋಗಿಯೇ ಗತಿ. ಆ ಪುಣ್ಯಾತ್ಮರಿಗೆ ಜೂನ್ ತಿಂಗಳಲ್ಲಿ ಸಿಗುವ ಮರ್ಯಾದೆ ಮಠಾಧಿಪತಿಗಳಿಗೂ ಸಿಗುವುದಿಲ್ಲ. ಹಬ್ಬಗಳದು ಇನ್ನೊಂದು ಚೌಕಾಸಿ: ಕ್ರಿಸ್‌ಮಸ್ ಡ್ಯೂಟಿ ನನಗಿರಲಿ, ದೀಪಾವಳಿ ಬಿಟ್ಟುಕೊಡಿ ಎಂಬ ಅದಲುಬದಲು. ಹೀಗೆ ಕಷ್ಟಪಟ್ಟು ಬಿಡಿಸಿಕೊಂಡ ದೀಪಾವಳಿ ಮಂಗಳವಾರ ಬರುತ್ತದೆ. ಬಳಗದ ದೀಪಾವಳಿ ಹಾಲ್ ಖಾಲಿ ಇರುವ ಶನಿವಾರ, ಎಂದರೆ ಮೂರು ವಾರದ ಮೇಲೆ. ಅವತ್ತು ಡಾಕ್ಟರು ಆನ್-ಕಾಲ್.

ಇಷ್ಟೆಲ್ಲ ದಾಟಿ ಹೊರಟ ದಿನವನ್ನೇ ನೋಡಿ. ಆಪರೇಷನ್ನಿನಲ್ಲಿ ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಥಿಯೇಟರ್ ಬಿಡುವ ಮುನ್ನ ನೋಡಿಕೊಳ್ಳಬೇಕಾದ 19 ಅಂಶಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದಿತು. ಅದಕ್ಕೆ ಎಷ್ಟೋ ದಶಕ ಮೊದಲೇ ನಮ್ಮ ಮನೆಗಳಲ್ಲಿ ಅದು ಜಾರಿಯಲ್ಲಿತ್ತು. ಯಾರೂ ಅಚ್ಚು ಹಾಕಿಸಿರಲಿಲ್ಲ, ಅಷ್ಟೆ. ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮುನ್ನ ನರ್ಸು ಹತ್ತಿಬಟ್ಟೆಗಳನ್ನು ಎಣಿಸುವಂತೆ ಇಲ್ಲಿ ಡಿಕ್ಕಿ ಮುಚ್ಚುವ ಮುನ್ನ ಡಬ್ಬಿಗಳ ಎಣಿಕೆ. ಚಿತ್ರಾನ್ನ ಒಂದು, ಮೊಸರನ್ನ ಎರಡು, ಚಕ್ಕುಲಿ, ಎಣ್ಣೆ ಸೋರುವ ಉಪ್ಪಿನಕಾಯಿ ಎರಡೆರಡು ಪ್ಲಾಸ್ಟಿಕ್ ಕವರಿನಲ್ಲಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು, ಡಿಕಾಕ್ಷನ್ ಬೇರೆ. “ರೀ, ಮೊಸರನ್ನದ ಚಿಕ್ಕ ಡಬ್ಬಿ ಇಟ್ರಾ?” “ಇಟ್ಟೆ ಅನ್ಸತ್ತೆ.” “ಅನ್ಸತ್ತೆ ಅಂದ್ರೇನು? ತೆಗೆದು ನೋಡಿ ಹೇಳಿ.” ನ್ಯಾಯವಾದ ಮಾತು. ‘ಒಳಗಿಲ್ಲ ಅನ್ಸತ್ತೆ’ ಎಂದು ಯಾವ ಸರ್ಜನ್ನೂ ಹೊಟ್ಟೆ ಹೊಲಿಯುವಂತಿಲ್ಲ. ಲೆಕ್ಕ ತಪ್ಪಿದರೆ ಅಲ್ಲಿ ಎಕ್ಸ್-ರೇ ತೆಗೆಯುತ್ತಾರೆ, ಇಲ್ಲಿ ಜಿಟಿಜಿಟಿ ಮಳೆಯಲ್ಲಿ ಇಡೀ ಡಿಕ್ಕಿ ಖಾಲಿ ಮಾಡಿಸುತ್ತಾರೆ. ಚಿಕ್ಕ ಡಬ್ಬಿ ಫ್ರಿಜ್ಜಿನಲ್ಲೇ ಇರುತ್ತದೆ.

ದಾರಿಯ ಮೇಲಿನದು ಟ್ರಯಾಜ್. ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಪದ್ಧತಿಯಲ್ಲಿ ತುರ್ತು ವಿಭಾಗಕ್ಕೆ ಬಂದವರಿಗೆ ಐದು ಬಣ್ಣ: ಕೆಂಪಾದರೆ ಆ ಕ್ಷಣವೇ ನೋಡಬೇಕು, ಕಿತ್ತಳೆಗೆ 10 ನಿಮಿಷ, ಹಳದಿಗೆ 60, ಹಸಿರಿಗೆ 120, ನೀಲಿಗೆ 240. ಹಿಂದಿನ ಸೀಟಿನ ದೂರುಗಳನ್ನು ಇದರಲ್ಲಿ ಹೊಂದಿಸಿದರೆ ಒಂದೂ ಹೊರಗುಳಿಯುವುದಿಲ್ಲ. ವೇಲ್ಸಿನ ತಿರುವುಗಳಲ್ಲಿ ಕಿರಿಯವನಿಗೆ ಬರುವ ವಾಂತಿ ಕೆಂಪು. ಒಂದಕ್ಕೆ ಅವಸರವೆಂಬುದು ಕಿತ್ತಳೆ. ಹಸಿವು ಹಳದಿ. ಯಾರ ಹಾಡು ಹಾಕಬೇಕೆಂಬ ಜಗಳ ಹಸಿರು. ರಾಜ್‌ಕುಮಾರ್ ಹಾಡು ಬೇಕೆನ್ನುವವರು ಚಾಲಕರೊಬ್ಬರೇ ಆದ್ದರಿಂದ ಅದು ಬೇಗ ಇತ್ಯರ್ಥವಾಗುತ್ತದೆ. ‘ಇನ್ನೂ ಎಷ್ಟು ದೂರ’ ಎಂಬುದು ನೀಲಿ, ನಾಲ್ಕು ಗಂಟೆ ಕಾಯಬಹುದು, ಕಾಯುತ್ತದೆ ಕೂಡ. ತೊಂದರೆ ಕಿತ್ತಳೆಯದು. ಮೋಟರ್‌ವೇಯಲ್ಲಿ ಸರ್ವಿಸ್ ನಿಲ್ದಾಣಗಳ ನಡುವೆ 28 ಮೈಲಿಗಿಂತ ಹೆಚ್ಚು ಅಂತರ ಬೇಡವೆಂಬುದು ಸರ್ಕಾರದ ಧೋರಣೆ, ಎಂದರೆ ಸುಮಾರು ಅರ್ಧ ಗಂಟೆಯ ದಾರಿ. ಹತ್ತು ನಿಮಿಷದ ಗುರಿ ಅಲ್ಲಿಗೇ ಕೈತಪ್ಪಿತು. ಗುರಿ ತಪ್ಪಿದ್ದಕ್ಕೆ ಆಸ್ಪತ್ರೆಯಲ್ಲಿ ವಿವರಣೆ ಕೇಳುವಂತೆ ಕಾರಿನಲ್ಲೂ ಕೇಳಲಾಗುತ್ತದೆ: ಹಿಂದಿನ ಸರ್ವಿಸ್‌ನಲ್ಲಿ ಯಾಕೆ ನಿಲ್ಲಿಸಲಿಲ್ಲ? ಯಾವ ದೂರಿಗೆ ಯಾವ ಬಣ್ಣವೆಂದು ತೀರ್ಮಾನಿಸುವವರು ಎಡಗಡೆ ಮುಂದಿನ ಸೀಟಿನಲ್ಲಿರುತ್ತಾರೆ. ಸ್ಟೀರಿಂಗ್ ಹಿಡಿದವರ ಕೆಲಸ ಪೋರ್ಟರಿನದು, ಹೇಳಿದ ಕಡೆ ತಳ್ಳಿಕೊಂಡು ಹೋಗುವುದು.

ತಲುಪಿದ ಮೇಲಾದರೂ ಬಿಡುಗಡೆ ಉಂಟೇ? ಈ ಪ್ರವಾಸಗಳು ಹೆಚ್ಚಾಗಿ ಆರು ತಿಂಗಳ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ದೇಶ ತೋರಿಸುವ ನೆಪದಲ್ಲಿ ನಡೆಯುತ್ತವೆ. ಅವರನ್ನು ವೇಲ್ಸಿನ ಸ್ನೋಡನ್ ಬೆಟ್ಟಕ್ಕೆ ಕರೆದೊಯ್ದು 1896ರಿಂದ ಓಡುತ್ತಿರುವ ಪುಟ್ಟ ರೈಲಿನಲ್ಲಿ ಮೇಲೆ ಹತ್ತಿಸಿದರೆ, ಬೆಟ್ಟದ ಎತ್ತರ 1,085 ಮೀಟರ್. ಚಿಕ್ಕಮಗಳೂರಿನವರಾದರೆ ಮುಳ್ಳಯ್ಯನಗಿರಿಯ 1,930 ಮೀಟರನ್ನು ಮನಸ್ಸಿನಲ್ಲೇ ಕಳೆದು ನೋಡಿ, ಇಷ್ಟಕ್ಕೆ ಇಷ್ಟು ದುಡ್ಡಾ ಎನ್ನುತ್ತಾರೆ. ಲಂಡನ್ನಿಗೆ ಹೋದರೆ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಲೇಬೇಕು. 2015ರ ನವೆಂಬರಿನಲ್ಲಿ ಭಾರತದ ಪ್ರಧಾನಿಯವರು ಅನಾವರಣ ಮಾಡಿದ ಅದಕ್ಕಾಗಿ ಓಡಾಡಿದವರು ಯಾರು? ಕಲಬುರಗಿಯ ಡಾ. ನೀರಜ್ ಪಾಟೀಲ್, ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ವೃತ್ತಿಯಿಂದ ಡಾಕ್ಟರು. ಅಲ್ಲಿಂದ ನದಿಯ ಗುಂಟ ಸ್ವಲ್ಪ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆ. ಇನ್ನು ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲಿನಲ್ಲಿ 2006ರಲ್ಲಿ ಪ್ರತಿಷ್ಠಾಪನೆಯಾದ ಬಾಲಾಜಿ ದೇವಸ್ಥಾನ. ಅಲ್ಲಿ ಪ್ರಸಾದದ ತಟ್ಟೆ ಹಿಡಿದು ನಿಂತವರು ಡಾಕ್ಟರೆಂದು ತಿಳಿದರೆ ಸಾಕು, ಹೊರರೋಗಿ ವಿಭಾಗ ತೆರೆದಂತೆಯೇ. “ಡಾಕ್ಟ್ರೇ, ಒಂದ್ನಿಮಿಷ, ಈ ಮಂಡಿ…” ಸ್ವಂತಕ್ಕೆ, ಹತ್ತಿರದವರಿಗೆ ಆದಷ್ಟೂ ಔಷಧ ಬರೆಯಬೇಡಿ ಎಂಬುದು ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಕಟ್ಟುನಿಟ್ಟಿನ ಮಾತು. ಪುಳಿಯೋಗರೆ ಸಾಲಿನಲ್ಲಿ ಹಿಂದೆ ನಿಂತವರು ಹತ್ತಿರದವರೋ ದೂರದವರೋ ಎಂಬುದಕ್ಕೆ ಕೌನ್ಸಿಲ್ ಉತ್ತರ ಕೊಟ್ಟಿಲ್ಲ. ವಿಮಾನದಲ್ಲಿ ಹಾರಿ ತಪ್ಪಿಸಿಕೊಳ್ಳೋಣವೆಂದರೆ, ಸರಾಸರಿ 604 ವಿಮಾನಯಾನಗಳಿಗೆ ಒಂದರಲ್ಲಿ ಯಾರಿಗಾದರೂ ಆರೋಗ್ಯ ಕೆಡುತ್ತದೆಂದು 2013ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಹೇಳಿತು; ಸುಮಾರು ಅರ್ಧದಷ್ಟು ಸಲ ನೆರವಿಗೆ ಎದ್ದವರು ಪ್ರಯಾಣಿಕರಲ್ಲಿದ್ದ ಡಾಕ್ಟರುಗಳೇ. 604ಕ್ಕೆ ಒಂದು ತೀರಾ ಕಡಿಮೆಯಲ್ಲವೇ ಎನ್ನಬಹುದು. ಆ ಲೆಕ್ಕಕ್ಕೆ ಸಿಕ್ಕಿದ್ದು ಸಿಬ್ಬಂದಿ ನೆಲದ ವೈದ್ಯರಿಗೆ ಫೋನು ಮಾಡಿದ ಪ್ರಕರಣಗಳು ಮಾತ್ರ. ಪಕ್ಕದ ಸೀಟಿನವರು ತೋರಿಸಿದ ಸಕ್ಕರೆ ರಿಪೋರ್ಟನ್ನು ಯಾರೂ ಎಣಿಸಿಲ್ಲ.

ಇದೆಲ್ಲ ಎಲ್ಲ ಉದ್ಯೋಗದವರ ಪಾಡೇ, ಡಾಕ್ಟರಿಗೇನು ವಿಶೇಷ ಎಂಬ ಆಕ್ಷೇಪ ಸಾಫ್ಟ್‌ವೇರಿನವರಿಂದ ಬರುತ್ತದೆ. ಅವರು ಲ್ಯಾಪ್‌ಟಾಪನ್ನು ಕಾರಿನಲ್ಲಿ ಹೊತ್ತೊಯ್ಯುತ್ತಾರೆ, ನಿಜ. ಆದರೆ ಅದನ್ನು ಮುಚ್ಚಿಡಬಹುದು. ಡಾಕ್ಟರಿಗೆ ಮುಚ್ಚಿಡಲು ಏನೂ ಇಲ್ಲ. ಎದುರು ನಡೆದು ಬರುವ ಅಪರಿಚಿತರ ನಡಿಗೆ ನೋಡಿಯೇ ಪಾರ್ಕಿನ್‌ಸನ್ನೋ ಎಂದು ಲೆಕ್ಕ ಹಾಕುವ ಕಣ್ಣು ಕಣ್ಣಾಗಿಯೇ ಜೊತೆಗೆ ಬರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಈ ವಾದದಲ್ಲಿ ಡಾಕ್ಟರೆಂದರೆ ಗಂಡಸು, ಡಬ್ಬಿ ಎಣಿಸುವವರೆಂದರೆ ಹೆಂಗಸು ಎಂದಾಯಿತಲ್ಲ, ಡಾಕ್ಟರು ಹೆಂಡತಿಯಾದರೆ? ಒಪ್ಪಿದೆ, ಅಲ್ಲಿ ನನ್ನ ಸಿದ್ಧಾಂತ ತುಸು ತಿದ್ದುಪಡಿಯಾಗಬೇಕು. ಆಕೆಗೆ ಜೂನಿಯರ್ ಆಗುವ ಭಾಗ್ಯವೇ ಇಲ್ಲ. ಆಸ್ಪತ್ರೆಯಲ್ಲೂ ಕನ್ಸಲ್ಟೆಂಟ್, ಕಾರಿನಲ್ಲೂ ಕನ್ಸಲ್ಟೆಂಟ್. 2003ರ ಕರಾರಿನಂತೆ ಕನ್ಸಲ್ಟೆಂಟರ ವಾರವೆಂದರೆ ನಾಲ್ಕು ಗಂಟೆಯ ಹತ್ತು ಪಾಳಿ. ಡಬ್ಬಿ, ಟ್ರಯಾಜ್, ಅತ್ತೆಯವರ ಬಿಪಿ ಮಾತ್ರೆ ಇವುಗಳಿಗೆ ಹನ್ನೊಂದನೆಯ ಪಾಳಿಯನ್ನು ಯಾವ ಆಸ್ಪತ್ರೆ ಟ್ರಸ್ಟೂ ಬರೆದುಕೊಟ್ಟಿಲ್ಲ. ಗಂಡ ಹೆಂಡತಿ ಇಬ್ಬರೂ ಡಾಕ್ಟರುಗಳಾದ ಮನೆಯಲ್ಲಿ ಎರಡು ರೋಟಾಗಳನ್ನು ಪಕ್ಕಪಕ್ಕ ಇಟ್ಟು ಇಬ್ಬರಿಗೂ ಬಿಡುವಿರುವ ಶನಿವಾರ ಹುಡುಕುವುದೇ ಒಂದು ಹವ್ಯಾಸ. ಸಿಕ್ಕಿದ ಶನಿವಾರ ಮಾತ್ರ ಆಕೆಗೂ ಆ ಭಾಗ್ಯ: ಇಬ್ಬರೂ ಒಟ್ಟಿಗೆ ಜೂನಿಯರುಗಳಾಗುತ್ತಾರೆ, ಏಕೆಂದರೆ ಊರಿಂದ ಬಂದ ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಅಧಿಕಾರ ವಹಿಸಿಕೊಂಡಿರುತ್ತಾರೆ. ಎರಡು ಎಂಆರ್‌ಸಿಪಿಗಳು ಎದುರಿಗಿದ್ದರೂ ಮಗುವಿನ ಕೆಮ್ಮಿಗೆ ತುಳಸಿ ಕಷಾಯವೇ ಆಗಬೇಕು. ಮೇಲ್ಮನವಿಗೆ ಅವಕಾಶವಿಲ್ಲ.

ಹಾಗಿದ್ದ ಮೇಲೆ ಹೋಗುವುದೇಕೆ, ಬ್ಯಾಂಕ್ ಹಾಲಿಡೇಗೆ ಮನೆಯಲ್ಲೇ ಕಾಲು ಚಾಚಿ ಮಲಗಬಾರದೇ? ಹುಲ್ಲು ಕತ್ತರಿಸುವ ಕೆಲಸ ಮನೆಯಲ್ಲಿ ಕಾದಿರುತ್ತದೆ, ಅದು ಹಾಗಿರಲಿ. ನಿಜವಾದ ಕಾರಣ ಫೋನು. ಬೇಸಿಗೆಯಲ್ಲಿ ಇಲ್ಲಿ ಶನಿವಾರ ಬೆಳಿಗ್ಗೆ ಏಳಾದರೆ ದಾವಣಗೆರೆಯಲ್ಲಿ ಹನ್ನೊಂದೂವರೆ, ಲ್ಯಾಬಿನವರು ರಿಪೋರ್ಟು ಕೊಡುವ ಹೊತ್ತು. ಒಂದೊಂದಾಗಿ ವಾಟ್ಸ್ಆ್ಯಪ್‌ನಲ್ಲಿ ಇಳಿಯತೊಡಗುತ್ತವೆ: ಓರೆಯಾಗಿ ತೆಗೆದ ಇಸಿಜಿ, ಫ್ಯಾನಿನ ನೆರಳು ಬಿದ್ದ ಎಕ್ಸ್-ರೇ, ಹಿಂದೆಯೇ ‘ನೋಡಿದ್ಯಾ?’ ಎಂಬ ದನಿಮುದ್ರಿಕೆ. ಲೇಕ್ ಡಿಸ್ಟ್ರಿಕ್ಟಿನ ವಾಸ್‌ಡೇಲಿನಂಥ ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಷ್ಟ. ಮಳೆ, ಪೋರ್ಟರ್ ಕೆಲಸ, ಕಿತ್ತಳೆ ಬಣ್ಣದ ಅವಸರ ಎಲ್ಲವನ್ನೂ ಸಹಿಸಿ ನಮ್ಮ ಡಾಕ್ಟರುಗಳು ಮತ್ತೆ ಮತ್ತೆ ಅತ್ತ ಕಾರು ತಿರುಗಿಸುವುದು ಸರೋವರದ ಸೊಬಗಿಗೆಂದು ಅವರ ಮನೆಯವರು ತಿಳಿದಿದ್ದಾರೆ, ತಿಳಿದುಕೊಂಡಿರಲಿ. ಆದರೆ 2020ರಲ್ಲಿ ಬ್ರಿಟನ್ ಸರ್ಕಾರ ನಾಲ್ಕು ಮೊಬೈಲ್ ಕಂಪನಿಗಳ ಜೊತೆ ನೂರು ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡು ದೇಶದ ನೆಲದ ನೂರರಲ್ಲಿ 95 ಭಾಗಕ್ಕೆ 4ಜಿ ಮುಟ್ಟಿಸಲು ಹೊರಟಿತು. ಉಳಿದ ಐದು ಭಾಗ ನಕ್ಷೆಯಲ್ಲಿ ಎಲ್ಲೆಲ್ಲಿ ಬರುತ್ತದೆ, ಅಲ್ಲಿ ಸಸ್ಯಾಹಾರಿ ಊಟ ಸಿಗುತ್ತದೆಯೇ ಎಂಬುದನ್ನು ಜನವರಿಯ ರಜಾ ಅರ್ಜಿಗೆ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಕ್ಷೇಮ.