ಕೂತಲ್ಲೇ ಪರರಾಜ್ಯಗಮನ: ಹಿರೋಳ್ಳಿ ರೋಮಿಂಗ್ ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ಮೊದಲಿಗೆ ಅನುಬಂಧ ಚತುಷ್ಟಯ ಹೇಳಿಬಿಡಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಕೃತ ಗ್ರಂಥದ ವಿಷಯ ಮೊಬೈಲ್ ರೋಮಿಂಗ್. ಪ್ರಯೋಜನ ನೆಟ್ ಬರುವುದು. ಬಾರದಿದ್ದರೆ ಯಾಕೆ ಬರಲಿಲ್ಲವೆಂಬ ಜ್ಞಾನ. ಸಂಬಂಧ ಕರ್ನಾಟಕದ ಸಿಮ್ಮಿಗೂ ಮಹಾರಾಷ್ಟ್ರದ ಟವರಿಗೂ ಇರುವಂಥದ್ದು. ಇನ್ನು ಅಧಿಕಾರಿ, ಅಂದರೆ ಇದನ್ನು ಓದುವ ಯೋಗ್ಯತೆಯುಳ್ಳವನು, ಆಳಂದ ತಾಲ್ಲೂಕಿನ ಹಿರೋಳ್ಳಿಯಲ್ಲಿ ನಿಂತು ಫೋನನ್ನು ತಲೆಯ ಮೇಲೆತ್ತಿ ಒಂದು ಸುತ್ತಾದರೂ ತಿರುಗಿದವನು. ಬೆಂಗಳೂರಿನ ವಿದ್ವಾಂಸರಿಗೆ ಈ ಅಧಿಕಾರವಿಲ್ಲ. ಬೇಕಾದರೆ ಅವರು ಮುನ್ನುಡಿ ಬರೆಯಲಿ.

ಕ್ಷೇತ್ರಪರಿಚಯ. ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ ಮಹಾರಾಷ್ಟ್ರದಿಂದ ಕರ್ನಾಟಕದೊಳಗೆ ಕಾಲಿಡುವ ಜಾಗ ಹಿರೋಳ್ಳಿ. ಚೆಕ್‌ಪೋಸ್ಟ್ ದಾಟಿದರೆ ಅಕ್ಕಲಕೋಟ ತಾಲ್ಲೂಕು. ಸುತ್ತ ಕರಿಮಣ್ಣಿನ ಬಯಲು, ತೊಗರಿ, ಜೋಳ. ತರಂಗವನ್ನು ತಡೆಯುವಂಥ ಗುಡ್ಡವಿಲ್ಲ. ಭೂಪಟ ಬರೆದವರು ಇಲ್ಲೊಂದು ಗೆರೆ ಎಳೆದರು. ಟವರ್ ನಿಲ್ಲಿಸಿದವರು ಆ ಗೆರೆಯ ವಿಷಯವನ್ನು ಟವರಿಗೆ ಹೇಳಲು ಮರೆತರು. ಹಳೆಯ 2ಜಿ ಲೆಕ್ಕದಲ್ಲಿ ಒಂದು ಟವರಿನ ಕೈ 35 ಕಿಲೋಮೀಟರ್‌ವರೆಗೆ ಚಾಚುತ್ತದೆ. ಅಷ್ಟು ಉದ್ದದ ಕೈ ಇರುವವನಿಗೆ ಚೆಕ್‌ಪೋಸ್ಟಿನ ಬಿದಿರುಗಳ ಯಾವ ಲೆಕ್ಕ?

ಟೆಲಿಕಾಂ ಇಲಾಖೆಯ ಭೂಗೋಳವೇ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅವರ ಪ್ರಕಾರ ಭಾರತದಲ್ಲಿ ಇರುವುದು 22 ಸರ್ಕಲ್‌ಗಳು. ಮುಂಬೈ ಮಹಾರಾಷ್ಟ್ರದಲ್ಲಿಲ್ಲ, ಗೋವಾ ಇದೆ. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿದ್ದು ಇಡೀ ದೇಶಕ್ಕೆ ಗೊತ್ತು, ಟೆಲಿಕಾಂ ಪಟಕ್ಕೆ ಗೊತ್ತಿಲ್ಲ. ಅಲ್ಲಿ ಅದು ಇನ್ನೂ ಆಂಧ್ರಪ್ರದೇಶ ಸರ್ಕಲ್. ಹೀಗಾಗಿ ವಾಗ್ದರಿಯಿಂದ ರಿಬ್ಬನಪಲ್ಲಿಯವರೆಗೆ ಒಬ್ಬ ಲಾರಿ ಡ್ರೈವರ್ ಹೊರಟರೆ, ಅವನ ಫೋನು ಗೋವಾ ಸೇರಿದ ಮಹಾರಾಷ್ಟ್ರದಲ್ಲಿ ಎದ್ದು, ಕರ್ನಾಟಕದಲ್ಲಿ ಊಟ ಮಾಡಿ, ಒಡೆಯದೇ ಉಳಿದ ಆಂಧ್ರದಲ್ಲಿ ಮಲಗುತ್ತದೆ.

ಈಗ ಲಕ್ಷಣವಿಚಾರ. ಪೂರ್ವಾಚಾರ್ಯರು ರೋಮಿಂಗಿಗೆ ಕೊಟ್ಟ ಲಕ್ಷಣ ಹೀಗಿದೆ: ಚಂದಾದಾರನು ತನ್ನ ಸರ್ಕಲ್ ಬಿಟ್ಟು ಪರಸರ್ಕಲ್ಲಿಗೆ ಹೋದಾಗ, ಪಾಲುದಾರ ಕಂಪನಿಯ ಜಾಲದಲ್ಲಿ ಸೇವೆ ಪಡೆಯುವುದು. ಕೇಳಲು ಚೆನ್ನಾಗಿದೆ. ಆದರೆ ಇದಕ್ಕೆ ಅವ್ಯಾಪ್ತಿ ದೋಷ, ಅಂದರೆ ಎಲ್ಲರನ್ನೂ ಒಳಗೊಳ್ಳದ ಕುಂದು, ಅಂಟಿಕೊಂಡಿದೆ. ಹಿರೋಳ್ಳಿಯ ಬೇವಿನ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರ ಅಂಗಿಯ ಕಿಸೆಯಲ್ಲಿ ಟಿಂಗ್ ಎಂದಿತು. ಮೊಮ್ಮಗ ತೆಗೆದು ಓದಿದ: ಮಹಾರಾಷ್ಟ್ರ ಮತ್ತು ಗೋವಾಕ್ಕೆ ಸ್ವಾಗತ.

"ಮುತ್ಯಾ, ನೀ ಯಾವಾಗ ಗೋವಾಕ್ಕ ಹೋಗಿದ್ದಿ?"

"ನಾ ಎಲ್ಲಿ ಹೋಗ್ಲೋ ತಮ್ಮಾ, ಮುಂಜಾನಿಂದ ಕಟ್ಟಿ ಬಿಟ್ಟು ಎದ್ದಿಲ್ಲ. ಅದೇ ಇಲ್ಲಿಗಿ ಬಂದಿರಬೇಕು ನೋಡು."

ಈ ಒಂದು ವಾಕ್ಯದಿಂದ ಪೂರ್ವಪಕ್ಷ ಬಿದ್ದುಹೋಗುತ್ತದೆ. ಸಿದ್ಧಾಂತಲಕ್ಷಣ ಹೀಗಿರಬೇಕು: ಮನುಷ್ಯ ಕೂತಲ್ಲೇ ಕೂತಿರಲಾಗಿ, ಪಕ್ಕದ ರಾಜ್ಯವೇ ಬಂದು ಅವನನ್ನು ಹಾದುಹೋಗುವ ಕ್ರಿಯೆಗೆ ರೋಮಿಂಗ್ ಎನ್ನತಕ್ಕದ್ದು. ಹೋಗುವವನು ಚಂದಾದಾರನಲ್ಲ, ಸರ್ಕಲ್ಲು. ಬಿಲ್ಲು ಮಾತ್ರ ಚಂದಾದಾರನದು.

ಇದು ಹೊಸ ಶಾಸ್ತ್ರವೇನೂ ಅಲ್ಲ. ಮೊಬೈಲಿಗೆ ಬಹಳ ಮುಂಚೆಯೇ ಈ ಸೀಮೆಗೆ ರೋಮಿಂಗ್ ಚಾರ್ಜು ರೂಢಿಯಾಗಿತ್ತು. ಆಗ ಆಳಂದ ನಿಜಾಮರ ರಾಜ್ಯ, ಅಕ್ಕಲಕೋಟ ಭೋಸಲೆಯವರ ಸಂಸ್ಥಾನ. ಇಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ, ಅಲ್ಲಿ ಬ್ರಿಟಿಷರ ಕಲ್ದಾರ ರೂಪಾಯಿ. ಒಂದನ್ನು ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವಾಗ ವಟ್ಟ ಬೀಳುತ್ತಿತ್ತು. ಸರಕು ದಾಟಿಸಿದರೆ ನಿಜಾಮರ ಕರೋಡಗಿರಿಯವರು ಸುಂಕಕ್ಕೆ ಕೈಯೊಡ್ಡುತ್ತಿದ್ದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೂ ವಟ್ಟ ನಿಲ್ಲಲಿಲ್ಲ: 1950ರಲ್ಲಿ ಕಟ್ಟಿದ ದರ 7 ಹಾಲಿ ರೂಪಾಯಿಗೆ 6 ಭಾರತೀಯ ರೂಪಾಯಿ. ಹಾಲಿ ಸಿಕ್ಕಾ ಪೂರ್ತಿ ಕಣ್ಮರೆಯಾದದ್ದು 1959ರಲ್ಲಿ. ಆ ಕಾಲದ ರೋಮಿಂಗಿಗೊಂದು ಮರ್ಯಾದೆಯಿತ್ತು ಎಂದು ನನ್ನ ಅಭಿಪ್ರಾಯ. ವಟ್ಟ ಕೊಡಬೇಕಾದರೆ ಕನಿಷ್ಠ ಸಂತೆಗಾದರೂ ಹೋಗಬೇಕಿತ್ತು.

ಮೊಬೈಲ್ ಯುಗ ಆ ಮರ್ಯಾದೆಯನ್ನು ಕಳೆಯಿತು. ಮನೆಯಲ್ಲಿ ಕೂತು ಬಂದ ಫೋನ್ ಎತ್ತಿದರೂ ದುಡ್ಡು. ಟ್ರಾಯ್ ಎಂಬ ಪ್ರಾಧಿಕಾರ 2015ರ ಮೇ 1ರಿಂದ ಕರುಣೆ ತೋರಿ, ರೋಮಿಂಗಿನಲ್ಲಿ ಒಳಬರುವ ಕರೆಯ ಗರಿಷ್ಠ ದರವನ್ನು ನಿಮಿಷಕ್ಕೆ 75 ಪೈಸೆಯಿಂದ 45 ಪೈಸೆಗೆ ಇಳಿಸಿತು; ಸ್ಥಳೀಯ ಹೊರಕರೆ ಒಂದು ರೂಪಾಯಿಯಿಂದ 80 ಪೈಸೆಗೆ ಬಂತು. ಅದೇ ಜೂನ್ 15ರಿಂದ ಬಿಎಸ್ಸೆನ್ನೆಲ್ ಒಳಕರೆಯನ್ನು ಪುಕ್ಕಟೆ ಮಾಡಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದದ್ದೇ ರೋಮಿಂಗ್ ದರವಿಲ್ಲದೆ. ಏರ್‌ಟೆಲ್ 2017ರ ಏಪ್ರಿಲ್ 1ರಿಂದ ದೇಶದೊಳಗಿನ ರೋಮಿಂಗ್ ದರವನ್ನು ಎತ್ತಿಹಾಕಿತು, ನೆಟ್ಟಿನದೂ ಸೇರಿ. ಬೆಂಗಳೂರಿನವನಿಗೆ ಇದರಿಂದ ವರ್ಷಕ್ಕೆರಡು ಪ್ರವಾಸದ ಖರ್ಚು ಉಳಿಯಿತು. ಹಿರೋಳ್ಳಿಯವನಿಗೆ ಉಳಿದದ್ದು ಸ್ವಂತ ಪಡಸಾಲೆಯಲ್ಲಿ ಕೂತದ್ದಕ್ಕೆ ಕೊಡುತ್ತಿದ್ದ ಬಾಡಿಗೆ.

ದರ ಹೋಯಿತು, ನೆಟ್ ಬಂತೆ? ಇಲ್ಲಿ ಶಾಸ್ತ್ರ ಗಹನವಾಗುತ್ತದೆ.

ಮೊದಲು ಪ್ರತ್ಯಕ್ಷ ಪ್ರಮಾಣ. ಫೋನಿನ ನೆತ್ತಿಯ ಮೇಲೆ ಕಡ್ಡಿಗಳು ಕಾಣುತ್ತವೆ, ಪಕ್ಕದಲ್ಲಿ ಸಣ್ಣದಾಗಿ 'ಆರ್' ಎಂಬ ಅಕ್ಷರ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವ ನೈಯಾಯಿಕರು, ಕಡ್ಡಿ ಇದ್ದಲ್ಲಿ ನೆಟ್ ಇದೆ ಎಂದು ಅನುಮಾನಿಸುತ್ತಾರೆ. ಇದು ವ್ಯಭಿಚಾರಿ ಹೇತು. ಕಡ್ಡಿ ತೋರಿಸುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಆ ಟವರು ನಿನ್ನ ಮಾತು ಕೇಳುತ್ತದೆಯೋ, ಕೇಳಿದರೂ ನೆಟ್ ಕೊಡುತ್ತದೆಯೋ ಎಂಬುದನ್ನಲ್ಲ. ಐದು ಕಡ್ಡಿ ಇದ್ದೂ ಒಂದು ಫೋಟೋ ತೆರೆಯದ ಸಂಜೆಗಳು ಈ ಊರಿನಲ್ಲಿ ಧಾರಾಳ.

ಹಾಗಾದರೆ ಅನುಪಲಬ್ಧಿಯಿಂದ, ಅಂದರೆ ಇಲ್ಲದಿರುವಿಕೆಯಿಂದ ಹೊರಡೋಣ. ಅಭಾವ ನಾಲ್ಕು ಬಗೆ ಎಂದು ತರ್ಕಶಾಸ್ತ್ರ ಹೇಳುತ್ತದೆ, ನಾಲ್ಕೂ ಹಿರೋಳ್ಳಿಯಲ್ಲಿ ಲಭ್ಯ. ರಿಚಾರ್ಜ್ ಮಾಡಿಸುವ ಮುಂಚೆ ನೆಟ್ ಇಲ್ಲದಿರುವುದು ಪ್ರಾಗಭಾವ. ದಿನದ ಒಂದೂವರೆ ಜಿಬಿಯನ್ನು ಮೊಮ್ಮಗ ರೀಲ್ಸ್ ನೋಡಿ ಮುಗಿಸಿದ ಮೇಲಿನದು ಪ್ರಧ್ವಂಸಾಭಾವ. ಕಡ್ಡಿ ನೆಟ್ಟಲ್ಲ, ನೆಟ್ ಕಡ್ಡಿಯಲ್ಲ ಎಂಬುದು ಅನ್ಯೋನ್ಯಾಭಾವ. ಮೂರು ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. ಇದಕ್ಕೆ ಉದಾಹರಣೆಯನ್ನು ಹೊಲದ ಬದುವಿಗೆ ಹೋಗಿ ನೋಡಬಹುದು. ನಾನು ಇದಕ್ಕೆ ಐದನೆಯದೊಂದನ್ನು ಸೇರಿಸಲು ಇಚ್ಛಿಸುತ್ತೇನೆ. ರಿಚಾರ್ಜ್ ಇದೆ, ಜಿಬಿ ಇದೆ, ಕಡ್ಡಿ ಇದೆ, ನೆಟ್ ಮಾತ್ರ ಇಲ್ಲ; ಯಾಕೆಂದರೆ ಸೆಟ್ಟಿಂಗ್ಸಿನಲ್ಲಿ 'ಡೇಟಾ ರೋಮಿಂಗ್' ಎಂಬ ಗುಂಡಿ ಬಂದ್ ಇದೆ. ದರವಿದ್ದ ಕಾಲದಲ್ಲಿ ಬಿಲ್ಲಿಗೆ ಹೆದರಿ ಯಾರೋ ಅದನ್ನು ಒತ್ತಿಟ್ಟಿರುತ್ತಾರೆ. ಹಲವು ಫೋನುಗಳಲ್ಲಿ ಹುಟ್ಟಿನಿಂದಲೇ ಬಂದ್ ಇರುತ್ತದೆ. ಇದು ಸ್ವಯಂಕೃತಾಭಾವ. ಚಿಕಿತ್ಸೆ ಸರಳ: ಎಂಟನೇ ಈಯತ್ತೆಯ ಯಾವ ಹುಡುಗನನ್ನಾದರೂ ಕರೆದು ಕೈಗೆ ಕೊಡುವುದು.

ಇನ್ನು ಪಾಲುದಾರ ಜಾಲಗಳ ಸಂಬಂಧ. ಅದು ಬೀಗಸ್ತನ. ಹಿರೋಳ್ಳಿ ಸೀಮೆಯವರಿಗೆ ಗಡಿಯಾಚೆ ಹೆಣ್ಣು ಕೊಡುವುದು ತರುವುದು ಹೊಸದಲ್ಲವಾದ್ದರಿಂದ ಇದನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ. ಸಿಮ್ ಪರಸರ್ಕಲ್ಲಿಗೆ ಹೋದೊಡನೆ ಅಲ್ಲಿನ ಅತಿಥಿಗಳ ದಫ್ತರ ತವರಿನ ದಫ್ತರಕ್ಕೆ ಸುದ್ದಿ ಕಳಿಸುತ್ತದೆ: ಇಂಥವರು ಬಂದಿದ್ದಾರೆ, ನಿಮ್ಮವರೇ ಹೌದೋ, ರಿಚಾರ್ಜ್ ಇದೆಯೋ? ತವರಿನವರು ಹೂಂ ಎಂದ ಮೇಲೆಯೇ ಒಳಗೆ. ಕರೆಯಾದರೆ ಇಷ್ಟಕ್ಕೆ ಮುಗಿಯಿತು. ನೆಟ್ ಹಾಗಲ್ಲ, ಸಾಮಾನ್ಯ ಪದ್ಧತಿಯಲ್ಲಿ ಅದು ಮೊದಲು ತವರಿನ ಗೇಟ್‌ವೇಗೆ ಹೋಗಿ, ಅಲ್ಲಿಂದ ಲೋಕಕ್ಕೆ ಹೊರಟು, ಅದೇ ದಾರಿಯಲ್ಲಿ ಮರಳಬೇಕು. ಕಟ್ಟೆಯ ಮೇಲೆ ಕೂತವನು ಎದುರುಮನೆಯವನಿಗೆ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿ ಮಹಾರಾಷ್ಟ್ರದ ಟವರ್ ಹತ್ತಿ, ಕರ್ನಾಟಕದ ಗೇಟ್‌ವೇ ಮುಟ್ಟಿ, ಸರ್ವರ್ ದರ್ಶನ ಮಾಡಿ ಬರುವಷ್ಟರಲ್ಲಿ ಎದುರುಮನೆಯವನು ಊಟಕ್ಕೆ ಕೂತಿರುತ್ತಾನೆ.

ಬೀಗರೆಂದ ಮೇಲೆ ಜಗಳವೂ ಇರಬೇಕಲ್ಲ. 2010ರ 3ಜಿ ಹರಾಜಿನಲ್ಲಿ ಕರ್ನಾಟಕ ಸರ್ಕಲ್ ಏರ್‌ಟೆಲ್, ಏರ್‌ಸೆಲ್, ಟಾಟಾ ಪಾಲಾಯಿತು. ಮಹಾರಾಷ್ಟ್ರ ಐಡಿಯಾ, ವೊಡಾಫೋನ್, ಟಾಟಾಕ್ಕೆ ಹೋಯಿತು. ಆಗ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂವರೂ ಕೈಕೈ ಹಿಡಿದು, ನಿನ್ನಲ್ಲಿಲ್ಲದ್ದು ನನ್ನಲ್ಲಿ ತಗೋ, ನನ್ನಲ್ಲಿಲ್ಲದ್ದು ನೀ ಕೊಡು ಎಂದು ಒಪ್ಪಂದ ಮಾಡಿಕೊಂಡರು. ಲೈಸೆನ್ಸ್ ಇಲ್ಲದ ಕಡೆ ಇದೆಂಥ ಸಂಸಾರ ಎಂದು ದೂರಸಂಪರ್ಕ ಇಲಾಖೆ ಸಿಡಿದೆದ್ದು, 2011ರ ಡಿಸೆಂಬರಿನಲ್ಲಿ ನಿಲ್ಲಿಸಿ ಎಂದಿತು, ಮುಂದೆ ನೂರಾರು ಕೋಟಿ ದಂಡ ಹಾಕಿತು. 2014ರ ಏಪ್ರಿಲ್ 29ರಂದು ಟಿಡಿಸ್ಯಾಟ್ ನ್ಯಾಯಮಂಡಳಿ, ಮದುವೆ ಊರ್ಜಿತ ಎಂಬರ್ಥದ ತೀರ್ಪು ಕೊಟ್ಟು ದಂಡವನ್ನು ರದ್ದು ಮಾಡಿತು. ಕಾಲದ ಮಹಿಮೆ ನೋಡಿ, 2025ರ ಜನವರಿ 17ರಂದು ಅದೇ ಕೇಂದ್ರ ಸರ್ಕಾರ, ಡಿಜಿಟಲ್ ಭಾರತ್ ನಿಧಿಯ ದುಡ್ಡಿನಲ್ಲಿ ನಿಂತ 4ಜಿ ಟವರುಗಳನ್ನು ಬಿಎಸ್ಸೆನ್ನೆಲ್, ಏರ್‌ಟೆಲ್, ಜಿಯೋ ಗಿರಾಕಿಗಳು ಹಂಚಿಕೊಳ್ಳಲಿ ಎಂದು ತಾನೇ ಮುಂದೆ ನಿಂತು ಅಕ್ಷತೆ ಹಾಕಿತು.

ಸೀಮಾವಿವಾದದ ಪಂಡಿತರಿಗೆ ಒಂದು ಮಾತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಅಕ್ಕಲಕೋಟ ಕರ್ನಾಟಕಕ್ಕೆ ಸೇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ವಿಧಾನಸಭೆಗಳಲ್ಲಿ ಒಂದಿಂಚು ಜಾಗ ಬಿಡೆವು ಎಂಬ ನಿರ್ಣಯಗಳು ಪಾಸಾಗುತ್ತವೆ. ಈ ಮಧ್ಯೆ ಅಕ್ಕಲಕೋಟದ ಟವರುಗಳು ಯಾವ ನಿರ್ಣಯವೂ ಇಲ್ಲದೆ ಹಿರೋಳ್ಳಿಯನ್ನು ದಿನಕ್ಕೆ ಹಲವು ಸಲ ಮಹಾರಾಷ್ಟ್ರಕ್ಕೆ ಸೇರಿಸಿಕೊಂಡು, ಬೇಸರ ಬಂದಾಗ ವಾಪಸು ಮಾಡುತ್ತಿವೆ. ಒಂದಿಂಚಲ್ಲ, ಊರಿಗೆ ಊರೇ. ಬಸ್ಸಿಗೆ ಮಸಿ ಬಳಿಯುವ ವೀರರಾರೂ ಈತನಕ ಟವರ್ ಹತ್ತಿದ್ದಿಲ್ಲ. ಬೆಳೆ ಸಮೀಕ್ಷೆಯ ಆ್ಯಪ್ ಹಿಡಿದು ತೊಗರಿ ಹೊಲದ ನಡುವೆ ನಿಂತ ರೈತನಿಗೆ ಉಪಗ್ರಹ ಹೇಳುತ್ತದೆ, ನೀನು ಕಲಬುರಗಿ ಜಿಲ್ಲೆ. ಸಿಮ್ ಹೇಳುತ್ತದೆ, ನೀನು ಮಹಾರಾಷ್ಟ್ರ. ಉಪಗ್ರಹ ಆಕಾಶದಲ್ಲಿರುವುದರಿಂದ ಅದರ ಮಾತಿಗೆ ತೂಕ ಹೆಚ್ಚು. ಆದರೆ ಫೋಟೋ ಅಪ್‌ಲೋಡ್ ಮಾಡಬೇಕಾದದ್ದು ಸಿಮ್ಮು.

ಪ್ರಾಯಶ್ಚಿತ್ತ ಪ್ರಕರಣ. ಟವರ್ ಬಿಟ್ಟುಹೋದ ಫೋನು ಮರಳಿ ತವರಿಗೆ ಬರಲು ಯಾಕೆ ತಡಮಾಡುತ್ತದೆ ಎಂದು ಶಿಷ್ಯರು ಕೇಳುತ್ತಾರೆ. ಕಾರಣ ಸಿಮ್ಮಿನೊಳಗೇ ಬರೆದಿದೆ. ಪರರ ಜಾಲದಲ್ಲಿರುವಾಗ ತವರನ್ನು ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕೆಂಬ ಗಡುವನ್ನು ಕಂಪನಿಯವರು ಅದರಲ್ಲಿ ಇಟ್ಟಿರುತ್ತಾರೆ: ಕನಿಷ್ಠ 6 ನಿಮಿಷ, ಗರಿಷ್ಠ 8 ಗಂಟೆ, ಏನೂ ಬರೆಯದಿದ್ದರೆ ಒಂದು ತಾಸು. ಹೀಗಾಗಿ ಕರ್ನಾಟಕದ ಟವರ್ ಮನೆಯ ಹಿತ್ತಿಲಲ್ಲೇ ನಿಂತು ಕರೆದರೂ ಫೋನು ತನ್ನ ಗಡುವು ತುಂಬುವತನಕ ಬೀಗರ ಮನೆಯಲ್ಲೇ ಕಾಲು ಚಾಚಿ ಮಲಗಿರುತ್ತದೆ.

ಇದಕ್ಕೆ ಪರಿಹಾರ ವಿಮಾನವಿಧಿ. ಫ್ಲೈಟ್ ಮೋಡ್ ಒತ್ತಿ, ಹತ್ತು ಎಣಿಸಿ, ತೆಗೆಯುವುದು. ಫೋನು ಗಡುವಿಗೆ ಕಾಯದೆ ಹೊಸದಾಗಿ ಜಾಲ ಹುಡುಕುತ್ತದೆ; ಅದೃಷ್ಟವಿದ್ದರೆ ತವರು ಸಿಗುತ್ತದೆ. ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಹಿರೋಳ್ಳಿಯವರು ಅದಕ್ಕೂ ವರ್ಷಗಳ ಮುಂಚಿನಿಂದ ಹೊಲದಲ್ಲಿ, ಹೋಟೆಲಿನಲ್ಲಿ, ಸೊಸೈಟಿಯ ಸಾಲಿನಲ್ಲಿ ನಿತ್ಯ ವಿಮಾನ ಏರಿಸಿ ಇಳಿಸುತ್ತಿದ್ದರು. ಚಹದಂಗಡಿಯಲ್ಲಿ ಫೋನ್‌ಪೇ ಗುಂಡು ಗುಂಡಾಗಿ ತಿರುಗತೊಡಗಿತೆಂದರೆ ಅಂಗಡಿಯವನು ತಲೆ ಎತ್ತದೆ, "ಇಮಾನ ಹಾಕಿ ತಗೀರಿ ಅಣ್ಣಾ" ಎನ್ನುತ್ತಾನೆ. ಗಿರಾಕಿ ಹಾಕಿ ತೆಗೆಯುತ್ತಾನೆ. ಆಗದಿದ್ದರೆ ರಸ್ತೆ ದಾಟಿ ಆ ಕಡೆ ಹೋಗಿ ನಿಲ್ಲುತ್ತಾನೆ. ಅದೂ ಆಗದಿದ್ದರೆ ಬರೆದಿಡುವ ಪುಸ್ತಕವಿದೆ. ಅದಕ್ಕೆ ಎಲ್ಲ ಸರ್ಕಲ್ಲಿನಲ್ಲೂ ನೆಟ್ ಬರುತ್ತದೆ.

ಹಠಯೋಗಿಗಳು ಕೈಯಾರೆ ನೆಟ್‌ವರ್ಕ್ ಆರಿಸುತ್ತಾರೆ. ಒಮ್ಮೊಮ್ಮೆ ಅಲ್ಲಿ ಹೆಸರಿನ ಬದಲು ಬೀಜಾಕ್ಷರಗಳು ಕಾಣುತ್ತವೆ: 404 45 ಎಂದರೆ ಕರ್ನಾಟಕದ ಏರ್‌ಟೆಲ್, 404 90 ಮಹಾರಾಷ್ಟ್ರದ್ದು, 404 71 ಕರ್ನಾಟಕದ ಬಿಎಸ್ಸೆನ್ನೆಲ್, 404 66 ಆಚೆಯದು. ಇವನ್ನು ಬಾಯಿಪಾಠ ಮಾಡಿದ ಹುಡುಗರಿಗೆ ಊರಿನಲ್ಲಿ ಪುರೋಹಿತರಷ್ಟೇ ಬೇಡಿಕೆ. ಆದರೆ ಒಮ್ಮೆ ಕೈಯಾರೆ ಕಟ್ಟಿದ ಫೋನು ಆಳಂದ ಸಂತೆಗೆ ಹೋದರೆ ಅಲ್ಲಿ ಸಿಗದ 404 90ನ್ನೇ ಹುಡುಕುತ್ತ ದಿಕ್ಕೆಟ್ಟು ನಿಲ್ಲುವ ಅಪಾಯವಿದೆ. ಗೃಹಸ್ಥರಿಗೆ ಈ ಮಾರ್ಗ ಹೇಳಿದ್ದಲ್ಲ.

ಕೊನೆಗೆ ದ್ವೈತ ಸಿದ್ಧಾಂತ. ಈ ಜಂಜಾಟವೇ ಬೇಡವೆಂದು ಊರಿನ ಜಾಣರು ಎರಡು ಸಿಮ್ಮಿನ ಫೋನು ಕೊಂಡು, ಒಂದು ಕಿಂಡಿಗೆ ಆಳಂದದ ಸಿಮ್, ಇನ್ನೊಂದಕ್ಕೆ ಅಕ್ಕಲಕೋಟದ್ದು ತುರುಕಿದ್ದಾರೆ. ಯಾವ ಟವರು ಬಂದರೂ ಒಂದು ಸಿಮ್ಮಿಗೆ ತವರೇ ಆಗಬೇಕು ಎಂಬುದು ತರ್ಕ. ತರ್ಕದಲ್ಲಿ ದೋಷವಿಲ್ಲ. ಅವರಲ್ಲೊಬ್ಬರು ಮೊನ್ನೆ ಕಟ್ಟೆಯ ಮೇಲೆ ಫೋನು ತೋರಿಸಿದರು. ಆಳಂದದ ಸಿಮ್ಮಿಗೆ ಆಚೆಯ ಟವರು ಸಿಕ್ಕು ಮಹಾರಾಷ್ಟ್ರ ಮತ್ತು ಗೋವಾಕ್ಕೆ ಸ್ವಾಗತ ಬಂದಿತ್ತು. ಅಕ್ಕಲಕೋಟದ ಸಿಮ್ಮಿಗೆ ಈಚೆಯದು ಸಿಕ್ಕು ಕರ್ನಾಟಕಕ್ಕೆ ಸ್ವಾಗತ ಬಂದಿತ್ತು. ಎರಡರ ತಲೆಯ ಮೇಲೂ 'ಆರ್' ಇತ್ತು.

"ಮತ್ತ ನೆಟ್ ಯಾವುದರಾಗ ಬರ್ತದ್ರೀ?"

"ನೆಟ್ ಬಂದ್ರ ನಾ ಇಲ್ಲ್ಯಾಕ ಕೂಡ್ತಿದ್ದೆ?" ಎಂದರು.