ನವಜಾತ ಡಾಕ್ಟರಿಗೆ ಅಜ್ಜಿ ಅಂಕ: ಒಂದು ಶಾಸ್ತ್ರೀಯ ವಿವೇಚನೆ

ವಿಷಯ ಪ್ರವೇಶ

ಎಂ.ಡಿ. ಪೀಡಿಯಾಟ್ರಿಕ್ಸ್ ಮುಗಿಸಿ ಹೊರಬಿದ್ದ ಜೀವಿಯು ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ತಾನಾಗಿ ಉಸಿರಾಡಬಲ್ಲುದೇ ಎಂಬುದು ಈ ಪ್ರಬಂಧದ ಜಿಜ್ಞಾಸೆ. ಹೊಕ್ಕುಳಬಳ್ಳಿ ಎಂದರೆ ಪ್ರೊಫೆಸರರ ಸಹಿ ಎಂದು ತಿಳಿಯತಕ್ಕದ್ದು. ಸಂಪ್ರದಾಯದಂತೆ ಮೊದಲು ಪೂರ್ವಪಕ್ಷವನ್ನು ಗೌರವದಿಂದ ಮಂಡಿಸಿ, ಬಳಿಕ ಅಷ್ಟೇ ಗೌರವದಿಂದ ಖಂಡಿಸಲಾಗುವುದು.

ಪೂರ್ವಪಕ್ಷ

ಪಂಡಿತರ ಮತ ಹೀಗಿದೆ: ಅಭ್ಯರ್ಥಿಯು ಮೂರು ವರ್ಷ ವಾರ್ಡಿನಲ್ಲಿ ನಿದ್ದೆಗೆಡಬೇಕು. ಅದರಲ್ಲಿ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಳೆಯಬೇಕು. ಥೀಸಿಸ್ ಬರೆಯಬೇಕು, ಲಾಗ್‌ಬುಕ್ಕಿಗೆ ಸಹಿ ಬೀಳಿಸಿಕೊಳ್ಳಬೇಕು. ನಾಲ್ಕು ಥಿಯರಿ ಪೇಪರು, ಲಾಂಗ್ ಕೇಸು, ಶಾರ್ಟ್ ಕೇಸು, ವೈವಾಗಳನ್ನು ದಾಟಿದರೆ ಸ್ವತಂತ್ರ.

ಹೊರದೇಶದ ಆಚಾರ್ಯರೂ ಸುಮ್ಮನೆ ಕೂತಿಲ್ಲ. ೧೯೭೫ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್, ಗಂಟೆ ಬಾರಿಸಿದೊಡನೆ ಮುಂದಿನ ಮೇಜಿಗೆ ಓಡಬೇಕಾದ ‘ಆಸ್ಕಿ’ ಪರೀಕ್ಷೆಯನ್ನು ಲೋಕಕ್ಕೆ ಕೊಟ್ಟರು. ೧೯೯೦ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಒಂದು ಪಿರಮಿಡ್ಡು ಕಟ್ಟಿದರು: ತಳದಲ್ಲಿ ‘ಗೊತ್ತಿದೆ’, ತುದಿಯಲ್ಲಿ ‘ಮಾಡುತ್ತಾನೆ’. ೨೦೦೫ರಲ್ಲಿ ನೆದರ್ಲೆಂಡ್ಸಿನ ಟೆನ್ ಕಾಟೆ ಇನ್ನೂ ಮುಂದೆ ಹೋಗಿ, ‘ಈ ಕೆಲಸವನ್ನು ನಂಬಿ ಇವರಿಗೆ ಒಪ್ಪಿಸಬಹುದೇ?’ ಎಂದೇ ಕೇಳಿದರು. ನಮ್ಮ ಅಜ್ಜಿಯರು ಇದೇ ಪ್ರಶ್ನೆಯನ್ನು, ಯಾವ ಜರ್ನಲ್ಲಿನಲ್ಲೂ ಪ್ರಕಟಿಸದೆ, ಪ್ರತಿ ಹೊಸ ಸೊಸೆಯ ಕೈಗೆ ಕೂಸು ಕೊಡುವಾಗ ಕೇಳುತ್ತ ಬಂದಿದ್ದಾರೆ.

ಪೂರ್ವಪಕ್ಷದಲ್ಲಿರುವ ದೋಷ

ಪರೀಕ್ಷೆಗೆ ಬರುವ ಲಾಂಗ್ ಕೇಸಿನ ಮಗು ಸಾಮಾನ್ಯವಾಗಿ ಪರೀಕ್ಷೆಗಳಲ್ಲಿ ಪಳಗಿರುತ್ತದೆ. ಎದೆಯ ಯಾವ ಜಾಗಕ್ಕೆ ಸ್ಟೆತಸ್ಕೋಪು ಬರುತ್ತದೆಂದು ಅದಕ್ಕೇ ಗೊತ್ತು. ಅಭ್ಯರ್ಥಿ ಬೆವರುವುದನ್ನು ನೋಡಲಾರದೆ ತಾಯಿಯೇ, “ಹಾರ್ಟಲ್ಲಿ ತೂತು ಅಂತ ಹೋದ ಸಲದವ್ರು ಬರ್ದಿದ್ರು ಸಾರ್” ಎಂದು ಪಿಸುಗುಟ್ಟುವುದುಂಟು. ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೇಳುವುದು, ಅವರೂ ಪುಸ್ತಕದಲ್ಲಿ ಮಾತ್ರ ಕಂಡ ಸಿಂಡ್ರೋಮನ್ನು. ಸೋಮವಾರದ ಓಪಿಡಿಯಲ್ಲಿ ಅಜ್ಜಿ ಕೇಳುವುದು, “ಮೊಸರನ್ನ ಕೊಡಬಹುದಾ?” ಮೊದಲನೆಯದಕ್ಕೆ ಅಭ್ಯರ್ಥಿ ಮೂರು ವರ್ಷ ಓದಿಕೊಂಡಿರುತ್ತಾರೆ. ಎರಡನೆಯದಕ್ಕೆ ತಲೆ ಕೆರೆದುಕೊಳ್ಳುತ್ತಾರೆ.

ಸಿದ್ಧಾಂತ

೧೯೫೨ರಲ್ಲಿ ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ ಹುಟ್ಟಿದ ಕೂಸಿಗೆ ಅಂಕ ಕೊಡುವ ಪದ್ಧತಿ ಹಾಕಿದರು. ಲಕ್ಷಣ ಐದು. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು. ಏಳು ಮುಟ್ಟಿದರೆ ನೆಮ್ಮದಿ. ಈಗ ಒಂದನೆಯ ನಿಮಿಷಕ್ಕೊಮ್ಮೆ, ಐದನೆಯ ನಿಮಿಷಕ್ಕೊಮ್ಮೆ ನೋಡುತ್ತಾರೆ. ಡಾಕ್ಟರೂ ಹೊಸದಾಗಿ ಹುಟ್ಟಿದವರೇ ಆದುದರಿಂದ ಅದೇ ಐದು ಲಕ್ಷಣಗಳನ್ನು ಅವರಿಗೂ ಅನ್ವಯಿಸಬಹುದು. ಅಂಕ ಹಾಕುವವರು ಅಜ್ಜಿ.

ಒಂದು, ಬಣ್ಣ. “ದೊಡ್ಡ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ ಮಗಾ?” ಎಂದಾಗ ಮುಖ ಬಿಳುಚಿದರೆ ಸೊನ್ನೆ. ಕೆಂಪೇರಿದರೆ ಒಂದು. “ಇವತ್ತು ನಾನೇ ನೋಡೋದು ಅಜ್ಜಿ, ಕೂತ್ಕೊಳ್ಳಿ” ಎಂದರೆ ಎರಡು.

ಎರಡು, ನಾಡಿ. ನೆಗಡಿಯ ಮಗುವಿಗೆ ಕೆಮ್ಮಿನ ಸಿರಪ್ಪು ಬರೆಯಲಿಲ್ಲವೆಂದು ಅಜ್ಜಿ ಎದ್ದು ನಿಂತಾಗ ಡಾಕ್ಟರ ಎದೆಬಡಿತ ಎಷ್ಟು? ಎರಡು ವರ್ಷದೊಳಗಿನವರಿಗೆ ಆ ಸಿರಪ್ಪನ್ನು ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ೨೦೨೫ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿದೆ. ಆದರೆ ಮಹಾನಿರ್ದೇಶನಾಲಯ ಇರುವುದು ದೆಹಲಿಯಲ್ಲಿ, ಅಜ್ಜಿ ಇರುವುದು ಎದುರಿಗೆ.

ಮೂರು, ಮುಖ ಸಿಂಡರಿಸುವಿಕೆ. “ಸುಮ್ನಿರು, ಇಲ್ದಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ” ಎಂದು ತಾಯಿ ಹೆದರಿಸಿಟ್ಟ ಮಗುವನ್ನು ಮುಟ್ಟುವುದೇ ಇಲ್ಲಿಯ ಪರೀಕ್ಷೆ. ತಾಯಿಯ ತೊಡೆಯಿಂದ ಎಳೆದು ಮೊದಲು ಗಂಟಲು ನೋಡುವವರಿಗೆ ಸೊನ್ನೆ. ತೊಡೆಯ ಮೇಲೇ ಬಿಟ್ಟು, ಮೊದಲು ಎದೆ ಕೇಳಿ, ಕಿವಿ-ಗಂಟಲನ್ನು ಕೊನೆಗೆ ಉಳಿಸಿಕೊಂಡವರಿಗೆ ಎರಡು. ಅಂಗಿಯ ಮೇಲೆ ಉಚ್ಚೆ ಹೊಯ್ಯಿಸಿಕೊಂಡೂ ನಕ್ಕವರ ವಿಷಯದಲ್ಲಿ ಅಜ್ಜಿಗೆ ವಿಶೇಷ ವಿವೇಚನಾಧಿಕಾರ ಇರುತ್ತದೆ.

ನಾಲ್ಕು, ಸ್ನಾಯುಬಲ. ಇದು ಪೆನ್ನು ಹಿಡಿದ ಕೈಯನ್ನು ತಡೆಯುವ ಬಲ. ಭೇದಿಯಾದ ಮಗು ಗಟಗಟ ನೀರು ಕುಡಿಯುತ್ತಿರುವಾಗಲೂ “ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ” ಎಂಬ ಆಜ್ಞೆ ಬರುತ್ತದೆ. ಹಲ್ಲು ಬರುವುದೇ ಭೇದಿಗೆ ಕಾರಣವೆಂಬ ಭಾಷ್ಯವೂ ಜೊತೆಗಿರುತ್ತದೆ. ಇಷ್ಟರ ನಡುವೆ ಓಆರ್‌ಎಸ್ಸಿನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೆ ಕದಡಬೇಕೆಂದು, ಭೇದಿ ನಿಂತರೂ ಜಿಂಕನ್ನು ೧೪ ದಿನ ಕೊಡಬೇಕೆಂದು ಹೇಳಿ ಒಪ್ಪಿಸಿದವರಿಗೆ ಎರಡು.

ಐದು, ಉಸಿರು. ಇದು ಮಗುವಿನ ಉಸಿರು. ಹೊರಗೆ ಸಾಲು ಗದ್ದಲ ಮಾಡುತ್ತಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ೬೦, ವರ್ಷದೊಳಗೆ ೫೦, ಐದು ವರ್ಷದೊಳಗೆ ೪೦ ಮುಟ್ಟಿದರೆ ಅದು ವೇಗದ ಉಸಿರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರು ಗಣಿತ ವಿಭಾಗಕ್ಕೆ ಅರ್ಜಿ ಹಾಕಬಹುದು.

ಆಕ್ಷೇಪ, ಸಮಾಧಾನ

ಅಜ್ಜಿ ಪಕ್ಷಪಾತಿಯಲ್ಲವೇ? ಹೌದು. ಆಕೆ ಮೊಮ್ಮಗುವಿನ ಪಕ್ಷಪಾತಿ. ಉಳಿದ ಎಕ್ಸಾಮಿನರುಗಳಲ್ಲಿ ಈ ಪಕ್ಷಪಾತ ಅಪರೂಪ.

ಮೊದಲ ನಿಮಿಷಕ್ಕೇ ಹತ್ತಕ್ಕೆ ಹತ್ತು ಬಂದರೆ? ಅನುಮಾನಿಸತಕ್ಕದ್ದು. ಹುಟ್ಟಿದ ಗಳಿಗೆಯಲ್ಲಿ ಆರೋಗ್ಯವಂತ ಕೂಸಿನ ಕೈಕಾಲೂ ತುಸು ನೀಲಿಯಿರುವುದರಿಂದ ಆ ನಿಮಿಷದಲ್ಲಿ ಹತ್ತು ಬರುವುದು ವಿರಳ. ಎಲ್ಲೂ ನೀಲಿಯಿಲ್ಲದ ಹೊಸ ಡಾಕ್ಟರು ರಾತ್ರಿ ಎರಡು ಗಂಟೆಗೆ ಸೀನಿಯರ್‌ಗೆ ಫೋನ್ ಮಾಡುವುದಿಲ್ಲ. ಅಪಾಯ ಇರುವುದು ಅಲ್ಲಿ.

ನಿರ್ಣಯ

ಅಪ್ಗಾರ್ ಅಂಕ ಹುಟ್ಟಿದ್ದು ಕೂಸಿನ ಭವಿಷ್ಯ ಹೇಳಲು ಅಲ್ಲ, ಈಗಿಂದೀಗ ಯಾರಿಗೆ ನೆರವು ಬೇಕೆಂದು ತಿಳಿಯಲು. ಮೂರು ಅಂಕದ ಕೂಸನ್ನು ಯಾರೂ ನಪಾಸು ಮಾಡುವುದಿಲ್ಲ, ಪಕ್ಕದಲ್ಲಿ ನಿಂತು ಉಸಿರು ಕೊಡುತ್ತಾರೆ. ಹೊಸ ಡಾಕ್ಟರಿಗೂ ಇದೇ ನ್ಯಾಯ ಸಲ್ಲಬೇಕು. ಸ್ವತಂತ್ರ ಎಂದರೆ ಒಂಟಿ ಎಂದಲ್ಲ. ತನಗೆ ಯಾವಾಗ ಇನ್ನೊಬ್ಬರು ಬೇಕೆಂದು ಬಲ್ಲವರೇ ಸ್ವತಂತ್ರರು.

ಆದ್ದರಿಂದ ವಿಶ್ವವಿದ್ಯಾಲಯಗಳು ಮುಂದಿನ ಪ್ರಾಯೋಗಿಕ ಪರೀಕ್ಷೆಯ ಮೇಜಿಗೆ ಒಬ್ಬ ಅಜ್ಜಿಯನ್ನು ನೇಮಿಸಿ, ಎಕ್ಸ್‌ಟರ್ನಲ್ಲಿಗೆ ಕೊಡುವಷ್ಟೇ ಟಿ.ಎ., ಡಿ.ಎ. ಕೊಡಬೇಕೆಂದು ವಿನಂತಿ.